ಸಿಡಿಲುಗೈಯ ಮೂರನೆಯ ಆವೃತ್ತಿ

ನೀರಿನ ಮೀಟರ್ ಓದುವ ಕೆಲಸದಿಂದ ನಿವೃತ್ತನಾದ ಮೇಲೆ ಓದುವುದಕ್ಕೆ ಬೇರೇನೂ ಸಿಗದೆ ಮರ್ವಿನ್ ಟಕ್‌ವೆಲ್ ಸಿನಿಮಾ ಪಂಡಿತನಾದ ಎಂದು ಅವನ ಹೆಂಡತಿ ಗ್ಲೆನಿಸ್ ಹೇಳುತ್ತಾಳೆ. ಇದು ಶುದ್ಧ ಅನ್ಯಾಯ. ಮೀಟರ್ ಓದುವಾಗಲೂ ಅವನು ಪಂಡಿತನೇ. ನಮ್ಮ ಡೂಲನ್ ಕ್ರೀಕಿನಲ್ಲಿ ಅವನು ಒಂದು ಮನೆಯ ಗೇಟು ತೆರೆದನೆಂದರೆ ಮುಕ್ಕಾಲು ಗಂಟೆಯ ಉಪನ್ಯಾಸ ಖಚಿತವಾಗಿತ್ತು. ಕೊನೆಕೊನೆಗೆ ಜನ ತಾವೇ ಮೀಟರ್ ಓದಿ, ಅಂಕಿಯನ್ನು ಚೀಟಿಯಲ್ಲಿ ಬರೆದು ಬೇಲಿಗೆ ಸಿಕ್ಕಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಡೀ ಶೈರ್‌ನಲ್ಲಿ ಎಂದರೆ ನಮ್ಮ ತಾಲ್ಲೂಕಿನಲ್ಲೇ ಅತಿ ಕಡಿಮೆ ವೇಳೆಯಲ್ಲಿ ಮೀಟರ್ ಓದುವ ನೌಕರ ಎಂಬ ಪ್ರಶಸ್ತಿ ಅವನಿಗೆ ಬಂದದ್ದು ಹೀಗೆ.

ಅವನ ಪಾಂಡಿತ್ಯವೆಲ್ಲ ಒಂದೇ ಸಿನಿಮಾದ್ದು: 'ಸಿಡಿಲುಗೈ'. ಎಂಬತ್ತೊಂದರಲ್ಲಿ ಬಂದದ್ದು. ಮುಖವಾಡ ಹಾಕಿಕೊಂಡ ಒಬ್ಬ ಮಹಾಶೂರ, ಅವನ ಬಲಗೈಯಿಂದ ಸಿಡಿಲು ಹೊರಡುತ್ತದೆ. ಕೆಟ್ಟವರಿಗೆ ತಗಲುತ್ತದೆ, ಒಳ್ಳೆಯವರಿಗೆ ಬೆಳಕಾಗುತ್ತದೆ. ನಮ್ಮದು ಹೈನುಗಾರರ ಊರು. ಬೆಳಗಿನ ಜಾವ ನಾಲ್ಕಕ್ಕೆ ಏಳುವವರು ರಾತ್ರಿ ಸಿನಿಮಾ ನೋಡುವುದುಂಟೆ? ಊರಿನ ಸಭಾಭವನದಲ್ಲಿ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಒಂದೇ ಆಟ. ಸಿಡಿಲುಗೈ ಮೂರು ಶನಿವಾರ ಓಡಿತು, ಆಮೇಲೆ ಪ್ರತಿ ರಜೆಯಲ್ಲೂ ಮತ್ತೆ ಬಂತು. ಮರ್ವಿನ್ ಹನ್ನೊಂದು ಸಲ ನೋಡಿದ.

ಅದರಲ್ಲಿ ಎರಡು ಜಾಗಗಳೆಂದರೆ ಅವನಿಗೆ ಪ್ರಾಣ. ಮೊದಲನೆಯದು: ಮುರಿದು ಬೀಳುತ್ತಿರುವ ಸೇತುವೆಯಿಂದ ಸಿಡಿಲುಗೈ ಒಬ್ಬ ಅಪರಿಚಿತ ಹೆಣ್ಣುಮಗಳನ್ನು ಎತ್ತಿಕೊಳ್ಳುತ್ತಾನೆ. ಮರುಗಳಿಗೆಯಲ್ಲೇ ಅವನಿಗೆ ಗಡ್ಡ ಬಂದಿರುತ್ತದೆ, ಅದೇ ಹೆಣ್ಣುಮಗಳು ಒಂದು ಮನೆಯ ಬಾಗಿಲು ತೆರೆದು, "ಊಟ ಆರಿಹೋಯ್ತು" ಎನ್ನುತ್ತಾಳೆ.

"ನೋಡಿದ್ರಾ?" ಎಂದು ಮರ್ವಿನ್ ಕೇಳುವನು. "ಪ್ರೀತಿ ತೋರಿಸಲಿಲ್ಲ, ಮದುವೆ ತೋರಿಸಲಿಲ್ಲ. ಗಡ್ಡ ತೋರಿಸಿದ. ಸಾಕು! ಕಲೆ ಅಂದ್ರೆ ಇದು. ಬೇರೆಯವನಾಗಿದ್ರೆ ಇಪ್ಪತ್ತು ನಿಮಿಷ ಎಳೀತಿದ್ದ."

ಎರಡನೆಯದು: ಅಲ್ಲಿಯವರೆಗೆ ಊರು ಸುಡುತ್ತಿದ್ದ ಖಳನನ್ನು ಸಿಡಿಲುಗೈ ಹೊಡೆದು ಬೀಳಿಸಿ, ಇದ್ದಕ್ಕಿದ್ದಂತೆ "ಅಣ್ಣಾ!" ಎಂದು ತಬ್ಬಿಕೊಂಡು ಅಳುತ್ತಾನೆ. ಶತ್ರುವನ್ನೂ ಅಣ್ಣ ಎನ್ನುವ ದೊಡ್ಡ ಮನಸ್ಸು! ಇದನ್ನೇ ಹಿಡಿದು ನಮ್ಮ ಪಾದ್ರಿ ಸ್ಟ್ರಾಹನ್ ಅವರು ಎಂಬತ್ತೆರಡರಲ್ಲಿ ಕೊಟ್ಟ ಉಪದೇಶ ಇಂದಿಗೂ ಹೆಸರುವಾಸಿ. ಹನ್ನೊಂದು ವರ್ಷ ಬೇಲಿಗಾಗಿ ಕಿತ್ತಾಡುತ್ತಿದ್ದ ಡಂಕ್ಲಿ ಮತ್ತು ಹಾರ್ಟಿಗನ್ ಇಬ್ಬರೂ ಅಂದು ಚರ್ಚಿನಲ್ಲೇ ಎದ್ದು ಕೈ ಕುಲುಕಿದರು, ಬೇಲಿ ಕಿತ್ತು ಹಾಕಿದರು. ಒಂದು ಸಿನಿಮಾ ಒಂದು ಊರಿಗೆ ಇದಕ್ಕಿಂತ ಹೆಚ್ಚು ಇನ್ನೇನು ಮಾಡಬೇಕು?

ನಾನು ಸಭಾಭವನ ಸಮಿತಿಯ ಕಾರ್ಯದರ್ಶಿ. ಭವನಕ್ಕೆ ಎಂಬತ್ತು ವರ್ಷ ತುಂಬಿತು, ಹಬ್ಬ ಮಾಡಬೇಕು, ಸಿಡಿಲುಗೈಯನ್ನೇ ಮತ್ತೆ ತೋರಿಸಬೇಕು ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು. ಜೊತೆಗೆ, ನಲವತ್ತು ವರ್ಷ ಸಿನಿಮಾ ಯಂತ್ರ ನಡೆಸಿದ ಆರ್ಚಿ ಪೆಂಗೆಲಿ ಅವರನ್ನು ಸನ್ಮಾನಿಸಿ, ಗೋಡೆಗೆ ಅವರ ಹೆಸರಿನ ಹಿತ್ತಾಳೆ ಫಲಕ ಹಾಕುವುದೆಂದೂ ಆಯಿತು. ಆರ್ಚಿ ಅವರಿಗೆ ಎಂಬತ್ತೆಂಟು. ಗ್ಲೆನಿಸ್‌ಳ ತಂದೆ, ಎಂದರೆ ಮರ್ವಿನ್‌ನ ಮಾವ. ಮಾತು ಕಡಿಮೆ, ಅಳಿಯನ ಜೊತೆ ಇನ್ನೂ ಕಡಿಮೆ. ಹಸು ಸಾಕದ ಗಂಡಸನ್ನು ಮಗಳು ಏಕೆ ಒಪ್ಪಿದಳು ಎಂಬುದು ಅವರಿಗೆ ಇನ್ನೂ ಬಗೆಹರಿದಿರಲಿಲ್ಲ.

ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಶಾಲೆಯ ಟೀಚರ್ ಮಿಸ್ ಇಮೋಜೆನ್ ಫಾಂಗ್ ಕೈ ಎತ್ತಿದರು. ಅವರು ಮೆಲ್ಬರ್ನ್‌ನಿಂದ ಬಂದು ಎರಡು ವರ್ಷವಾಗಿತ್ತು. ನಮ್ಮೂರ ಲೆಕ್ಕದಲ್ಲಿ ನಿನ್ನೆ ಸಂಜೆ ಬಂದವರು.

"ಯಾವ ಆವೃತ್ತಿ ತೋರಿಸೋದು?" ಎಂದು ಕೇಳಿದರು. "ಸಿಡಿಲುಗೈಗೆ ಎರಡಿದಾವೆ. ಆಗ ಥಿಯೇಟರಿನಲ್ಲಿ ಓಡಿದ್ದು ಒಂದು. ಕಂಪನಿಯವರು ಕತ್ತರಿಸಿ ಹಾಕಿದ್ದನ್ನ ನಿರ್ದೇಶಕರು ಇಪ್ಪತ್ತು ವರ್ಷದ ಮೇಲೆ ವಾಪಸ್ ಸೇರಿಸಿ ಬಿಟ್ಟಿದ್ದು ಇನ್ನೊಂದು."

ಮರ್ವಿನ್ ಎದ್ದು ನಿಂತ. "ಥಿಯೇಟರಿಂದೇ! ನಿರ್ದೇಶಕರ ಆವೃತ್ತಿ ಅಂದ್ರೆ ಬರೀ ಕೊಬ್ಬು. ಹೆತ್ತ ತಾಯಿ ಕೈಗೆ ಬಡಿಸೋ ಸೌಟು ಕೊಟ್ರೆ ಸಾಕು ಅಂತಾಳಾ?"

"ನೀವು ನೋಡಿದೀರಾ, ಮಿಸ್ಟರ್ ಟಕ್‌ವೆಲ್? ನಿರ್ದೇಶಕರದ್ದು?"

ಅವನು ನೋಡಿರಲಿಲ್ಲ. "ಇಲ್ಲ" ಎಂಬ ಎರಡಕ್ಷರ ಸಾಕಿತ್ತು. ಆದರೆ ಪಂಡಿತನ ಬಾಯಲ್ಲಿ ಆ ಎರಡಕ್ಷರ ಹೊರಡುವುದು ಕಷ್ಟ.

"ಎಷ್ಟೋ ಸಲ," ಎಂದ ಮರ್ವಿನ್.

"ಹಾಗಾದ್ರೆ ಒಳ್ಳೇದಾಯ್ತು. ಎರಡನ್ನೂ ಹೋಲಿಸಿ ಹಬ್ಬದ ದಿನ ನೀವೇ ಮಾತಾಡಿ. ನನ್ನ ಹತ್ರ ಎರಡೂ ಡಿಸ್ಕ್ ಇದಾವೆ, ಬೇಕಾದ್ರೆ ಕೊಡ್ತೀನಿ."

ಮರ್ವಿನ್ ಡಿಸ್ಕುಗಳನ್ನು ಮನೆಗೆ ತಂದ. ಕೈಯಲ್ಲಿ ಓಟದ ಸ್ಪರ್ಧೆಯ ಗಡಿಯಾರ, ತೊಡೆಯ ಮೇಲೆ ನೋಟ್‌ಬುಕ್ಕು, ಕಿವಿಯಲ್ಲಿ ಪೆನ್ಸಿಲ್ಲು. ಮೊದಲು 'ಥಿಯೇಟರ್ ಆವೃತ್ತಿ' ಎಂದು ಬರೆದಿದ್ದ ಡಿಸ್ಕು ಹಾಕಿದ. ಸೇತುವೆ ಬಿತ್ತು. ಹೆಣ್ಣುಮಗಳನ್ನು ಎತ್ತಿಕೊಂಡದ್ದಾಯಿತು. ಇನ್ನು ಗಡ್ಡ ಬರಬೇಕು ಎನ್ನುವಷ್ಟರಲ್ಲಿ ಹೂವಿನ ಮಾಲೆ ಬಂತು, ವಾದ್ಯ ಬಂತು, ಯಾವಳೋ ಮುದುಕಿ ಬಂದಳು.

"ಏನಿದು? ಗ್ಲೆನಿಸ್! ಬಾ ಇಲ್ಲಿ! ಇದರಲ್ಲಿ ಮದುವೆ ನಡೀತಿದೆ!"

"ನಡೀಲಿ ಬಿಡು. ನಿನಗೇನು ಅಡ್ಡ ಬಂತು?" ಎಂದಳು ಗ್ಲೆನಿಸ್ ಅಡುಗೆಮನೆಯಿಂದ.

ಮರ್ವಿನ್ ಗಡಿಯಾರ ಒತ್ತಿದ. ಪರದೆಯ ಮೇಲೆ ಏನು ನಡೆಯಿತೆಂದು ನೋಡಲಿಲ್ಲ. ಮುಳ್ಳನ್ನೇ ನೋಡುತ್ತ ಕೂತ. ಇಪ್ಪತ್ತು ನಿಮಿಷ ಆದ ಮೇಲೆ ಗಡ್ಡ ಬಂತು. ಡಿಸ್ಕುಗಳ ಹೊದಿಕೆಗಳು ಅದಲುಬದಲಾಗಿವೆ ಎಂದು ಅವನು ಸಮಾಧಾನ ಮಾಡಿಕೊಂಡು ಇನ್ನೊಂದನ್ನು ಹಾಕಿದ. ಅದರಲ್ಲೂ ಮದುವೆ! ಅಷ್ಟು ಸಾಲದೆಂದು ಸಿಡಿಲುಗೈಯ ಬಾಲ್ಯ ಬೇರೆ. ಮತ್ತೆ ಗಡಿಯಾರ ಒತ್ತಿ ಮುಳ್ಳನ್ನೇ ನೋಡಿದ.

ಮರುದಿನ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಮಿಸ್ ಫಾಂಗ್ ಅವರನ್ನು ಹಿಡಿದ. "ಎರಡೂ ನಿರ್ದೇಶಕರದ್ದೇ! ಒಂದು ದಪ್ಪ, ಇನ್ನೊಂದು ಇನ್ನೂ ದಪ್ಪ. ನಿಜವಾದ ಥಿಯೇಟರ್ ಆವೃತ್ತೀನ ಅವರು ಬಚ್ಚಿಟ್ಟಿದಾರೆ ಮಿಸ್!"

"ಮಿಸ್ಟರ್ ಟಕ್‌ವೆಲ್, ಮದುವೆ ಎರಡರಲ್ಲೂ ಇದೆ. ಮೊದಲಿಂದಲೂ ಇದೆ."

"ನಾನು ಹನ್ನೊಂದು ಸಲ ನೋಡಿದೀನಿ. ಆಗ ನೀವು ಹುಟ್ಟಿದ್ರಾ?"

ಹುಟ್ಟಿರಲಿಲ್ಲ ಎಂದು ಅವರು ಒಪ್ಪಿಕೊಂಡರು. ವಾದದಲ್ಲಿ ಇದು ಮರ್ವಿನ್‌ಗೆ ಸಿಕ್ಕ ದೊಡ್ಡ ಜಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನನ್ನು ಜಗತ್ತು ನೋಡಿದೆ; ಆದರೆ ಡೂಲನ್ ಕ್ರೀಕಿನಲ್ಲಿ ಆದದ್ದೇ ಬೇರೆ. ಇಡೀ ಊರೇ ಆ ಮೊಲದ ಕಾಲುಗಳನ್ನು ಎಣಿಸಿ, ಮೂರೇ, ಮೂರೇ ಎಂದಿತು.

"ಮದುವೇನಾ? ಇರಲೇ ಇಲ್ಲ," ಎಂದಳು ಆಗ ಐಸ್‌ಕ್ರೀಮ್ ಮಾರುತ್ತಿದ್ದ ನಾರ್ಮಾ.

"ಇದ್ದಿದ್ರೆ ನಮ್ಮ ಹೆಂಗಸರು ಅಳ್ತಿದ್ರು. ಯಾರೂ ಅಳಲಿಲ್ಲ," ಎಂದ ಹಾರ್ಟಿಗನ್.

ಡಂಕ್ಲಿಯ ನಾದಿನಿ ಒಮ್ಮೆ ಮೆಲ್ಬರ್ನ್‌ನಲ್ಲಿ ಟಿ.ವಿ.ಯಲ್ಲಿ ಸಿಡಿಲುಗೈ ನೋಡಿ, ಅದರಲ್ಲಿ ಮದುವೆ ಇತ್ತು ಎಂದು ಹೇಳಿದ್ದಳಂತೆ. ಜಾಹೀರಾತು ಹಾಕುವುದಕ್ಕೆ ಜಾಗ ಬೇಕೆಂದು ಟಿ.ವಿ.ಯವರು ಹಾಗೆ ತುರುಕುತ್ತಾರೆ ಎಂದು ಡಂಕ್ಲಿ ಆಗಲೇ ಅವಳಿಗೆ ತಿಳಿಸಿ ಹೇಳಿದ್ದ.

ಮರ್ವಿನ್ ಸಿಡ್ನಿಯ ಹಂಚಿಕೆದಾರರಿಗೆ ಆರು ಪುಟದ ಪತ್ರ ಬರೆದ. ಸೇರಿಸಿದ ಮದುವೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬ ಲೆಕ್ಕವನ್ನು ನಿಮಿಷ, ಸೆಕೆಂಡು ಸಮೇತ ಇಟ್ಟ. ಹದಿನೈದು ದಿನಕ್ಕೆ ಉತ್ತರ ಬಂತು: ತಾವು ಲೆಕ್ಕ ಕೊಟ್ಟಿರುವ ಮದುವೆಯ ದೃಶ್ಯಗಳು ಚಿತ್ರ ಬಿಡುಗಡೆಯಾದ ದಿನದಿಂದಲೂ ಅದರಲ್ಲಿವೆ, ತಾವು ನೋಡಿದ್ದು ಇದೇ ಚಿತ್ರವೇ ಎಂದು ದಯವಿಟ್ಟು ಖಚಿತಪಡಿಸಿಕೊಳ್ಳಿ. ಈ ಕೊನೆಯ ಸಾಲು ಊರಿಗೆ ಆದ ಅವಮಾನ ಎಂದು ಸಮಿತಿ ಠರಾವು ಮಾಡಿತು. ಠರಾವನ್ನು ಬರೆದವನು ನಾನೇ. ನಾನೂ ಏಳು ಸಲ ನೋಡಿದ್ದೆ, ನಾನೂ ಮದುವೆ ಕಂಡವನಲ್ಲ.

ಸಿಟ್ಟಿನಲ್ಲಿ ಮರ್ವಿನ್ ವಾರಪತ್ರಿಕೆಗೆ ಒಂದು ಹೇಳಿಕೆ ಕೊಟ್ಟ. "ಥಿಯೇಟರಿನಲ್ಲಿ ಓಡಿದ ಸಿಡಿಲುಗೈಯಲ್ಲಿ ಮದುವೆ ಇತ್ತೆಂದು ಸಾಬೀತಾದರೆ ಈ ಜನ್ಮದಲ್ಲಿ ಮತ್ತೆ ಸಿನಿಮಾದ ಬಗ್ಗೆ ಬಾಯಿ ತೆರೆಯುವುದಿಲ್ಲ." ಗ್ಲೆನಿಸ್ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅವಳು ಮಿಸ್ ಫಾಂಗ್ ಗೆಲ್ಲಲಿ ಎಂದು ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದಳೆಂದೂ ಸುದ್ದಿ.

ನಗಬೇಡಿ. ಹೈನುಗಾರರ ಊರಿನಲ್ಲಿ ಮರ್ವಿನ್‌ಗೆ ಹೊಲವಿಲ್ಲ, ಹಸುವಿಲ್ಲ, ಸಂತೆಯ ದಿನ ಮಾತಾಡುವುದಕ್ಕೆ ಒಂದು ಕರುವಿನ ಸುದ್ದಿ ಕೂಡ ಇಲ್ಲ. ಇದ್ದದ್ದು ಈ ಒಂದು ಸಿನಿಮಾ. ಅದೂ ಹೋದರೆ ಅವನು ಬರೀ ಒಬ್ಬ ಮಾಜಿ ಮೀಟರ್ ಓದುವವನು. ಅವನ ಉಪನ್ಯಾಸದಿಂದ ತಪ್ಪಿಸಿಕೊಳ್ಳಲು ಎಷ್ಟೋ ಸಲ ಹಿಂಬಾಗಿಲಿನಿಂದ ಓಡಿದ ನನಗೂ ಆ ಹೇಳಿಕೆ ಓದಿದಾಗ ನಗು ಬರಲಿಲ್ಲ.

ಪತ್ರಿಕೆಯ ಸುದ್ದಿ ಹೇಗೋ ಕ್ಯಾನ್‌ಬೆರಾ ಮುಟ್ಟಿತು. ಹಳೆಯ ಚಿತ್ರಗಳನ್ನು ಕಾಪಾಡುವ ಭಂಡಾರದಿಂದ ಓಡೆಟ್ ಮರ್ಚಿಸನ್ ಎಂಬ ಅಧಿಕಾರಿ ಫೋನ್ ಮಾಡಿದರು. ಯಾರಿಗೂ ಗೊತ್ತಿಲ್ಲದ ಒಂದು ಪ್ರತಿ ನಿಮ್ಮೂರಿಗೆ ಮಾತ್ರ ಬಂದಿರಬಹುದು, ಹಬ್ಬದ ದಿನ ಬಂದು ವಿಚಾರಿಸುತ್ತೇನೆ ಎಂದರು. ಊರು ಹಿಗ್ಗಿ ಹೀರೇಕಾಯಿಯಾಯಿತು.

"ಈಗ ಸಾಕ್ಷಿ ಒಂದೇ ಬೇಕಾಗಿರೋದು," ಎಂದ ಮರ್ವಿನ್. "ಮಾವನ ಸಾಕ್ಷಿ. ಯಂತ್ರ ನಡೆಸಿದವರ ಮಾತಿಗೆ ಯಾರು ಎದುರಾಡ್ತಾರೆ?"

ಹಬ್ಬಕ್ಕೆ ಎರಡು ದಿನವಿತ್ತು. ಗುರುವಾರ ಬೆಳಿಗ್ಗೆ ನನ್ನ ಗಾಡಿಯಲ್ಲಿ ಇಬ್ಬರೂ ಆರ್ಚಿ ಅವರ ಮನೆಗೆ ಹೋದೆವು. ಮುದುಕರು ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ಬಾಗಿಲಿಗೆ ಅವರ ಕಂದು ಸೂಟು ಇಸ್ತ್ರಿ ಮಾಡಿ ತೂಗುಹಾಕಿತ್ತು. ತಲೆಗೂದಲು ಹೊಸದಾಗಿ ಕತ್ತರಿಸಿತ್ತು. ಮೇಜಿನ ಮೇಲೆ, ಹಿಂಡಿಯ ಜಾಹೀರಾತಿನ ಹಿಂಬದಿಯಲ್ಲಿ, ಸನ್ಮಾನಕ್ಕೆ ಉತ್ತರವಾಗಿ ಹೇಳಬೇಕಾದ ಮೂರು ಸಾಲುಗಳನ್ನು ನಾಲ್ಕು ಸಲ ಹೊಡೆದು ಹಾಕಿ ಬರೆದಿದ್ದರು.

"ಮಾವ, ನೀವು ಓಡಿಸಿದ ಸಿಡಿಲುಗೈನಲ್ಲಿ ಮದುವೆ ಇತ್ತಾ?"

"ಇರಲಿಲ್ಲ."

"ಬರ್ಕೊಳ್ಳಿ ಕಾರ್ಯದರ್ಶಿಗಳೇ!" ಎಂದು ಮರ್ವಿನ್ ಹಾರಿದ.

"ಡಬ್ಬೀಲಿತ್ತು," ಎಂದರು ಆರ್ಚಿ.

ನಾನು ಬರೆಯುವುದನ್ನು ನಿಲ್ಲಿಸಿದೆ.

"ಯಾವ ಡಬ್ಬಿ, ಮಾವ?"

"ನಾಲ್ಕನೇದು. ಏಳು ಸುರುಳಿ ಬರ್ತಿತ್ತು, ಏಳು ಡಬ್ಬಿ. ಆರು ಓಡಿಸ್ತಿದ್ದೆ. ಒಂದರ ಮೇಲೆ ಕೂತ್ಕೋತಿದ್ದೆ. ಮೇಲಿನ ಕೋಣೇಲಿ ಕುರ್ಚಿ ಇರಲಿಲ್ಲ ಕಣಯ್ಯ."

"ಯಾಕೆ?"

"ಕುರ್ಚೀನಾ? ಸಮಿತಿಯವರು ಕೊಡಿಸಲಿಲ್ಲ."

"ಸುರುಳಿ ಯಾಕೆ ಬಿಟ್ರಿ ಮಾವ!"

ಆರ್ಚಿ ಅಳಿಯನನ್ನು ಮರುಕದಿಂದ ನೋಡಿದರು. "ಒಂದು ಗಂಟೆಗೆ ಶುರು. ಜಾಹೀರಾತು, ಮಧ್ಯೆ ನಾರ್ಮಾಳ ಐಸ್‌ಕ್ರೀಮು. ಏಳೂ ಓಡಿಸಿದ್ರೆ ಮುಗಿಯೋದು ಮುಕ್ಕಾಲು ನಾಲ್ಕು. ಮನೆ ಸೇರೋದು ಯಾವಾಗ, ನಾಲ್ಕಕ್ಕೆ ಹಾಲು ಕರೆಯೋದು ಯಾವಾಗ? ಹಸು ಕೇಳತ್ತಾ, ಸಿಡಿಲುಗೈ ಮದುವೆ ಇತ್ತು ಅಂದ್ರೆ? ನಾಲ್ಕನೇ ಡಬ್ಬಿ ಮೇಲೆ ಚೀಟಿ ಅಂಟಿಸಿದ್ರು, 'ಮದುವೆ, ಮಾತುಕತೆ' ಅಂತ. ಅದು ಎಲ್ಲರ ಮನೇಲೂ ಇರತ್ತಲ್ಲ, ಬಿಟ್ಟೆ."

"ಹನ್ನೊಂದು ಸಲಾನೂ?"

"ಮೊದಲ್ನೇ ವಾರ ಬಿಟ್ಟು ಎರಡ್ನೇ ವಾರ ಹಾಕಿದ್ರೆ, 'ಹೋದ ವಾರ ಎಲ್ಲಿತ್ತು' ಅಂತ ನೀವು ಕೇಳ್ತಿರಲಿಲ್ವಾ? ಒಂದ್ಸಲ ಬಿಟ್ಟಿದ್ದು ಬಿಟ್ಟ ಹಾಗೇ."

ಮರ್ವಿನ್ ಕುರ್ಚಿಯ ಮೇಲೆ ಕುಸಿದ. "ಆ ಜಿಗಿತ... ಆ ಗಡ್ಡ..." ಎಂದ. ನಲವತ್ತು ವರ್ಷ ಅವನು ಹಾಡಿ ಹೊಗಳಿದ ಕಲಾವಿದ, ಒಂದೇ ಏಟಿಗೆ ಮದುವೆ ಮುಗಿಸಿದ ಆ ಮಹಾ ಪ್ರತಿಭಾವಂತ, ತನ್ನನ್ನು ಕಂಡರೆ ಮೂಗು ಮುರಿಯುವ ತನ್ನ ಮಾವನೇ ಎಂಬುದು ಅವನ ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಹೇಳ್ಕೋ ಹೋಗು ಊರಿಗೆಲ್ಲ," ಎಂದರು ಆರ್ಚಿ. "ಎಂಬತ್ತೆಂಟಾಯ್ತು ನನಗೆ. ಏನು, ಗಲ್ಲಿಗೆ ಹಾಕ್ತಾರಾ?" ಹೀಗೆಂದವರು ಆ ಬರೆದ ಹಾಳೆಯನ್ನು ಮೆಲ್ಲಗೆ ಮಡಿಸಿ ತಟ್ಟೆಯ ಕೆಳಗೆ ಸರಿಸಿದರು. ಮರ್ವಿನ್ ಅದನ್ನು ನೋಡಿದ. ಸೂಟನ್ನೂ ನೋಡಿದ.

ದಾರಿಯಲ್ಲಿ ಮೂರು ಮೈಲಿ ಮಾತಿಲ್ಲ. ಮರ್ವಿನ್ ಮೂರು ಮೈಲಿ ಮಾತಾಡದೆ ಇದ್ದದ್ದು ನನಗೆ ಹೊಸ ಅನುಭವ, ಸ್ವಲ್ಪ ಭಯವೇ ಆಯಿತು.

"ಫಲಕದ ಮೇಲೆ ಏನು ಬರೆಸಿದೀಯ?" ಎಂದು ಕೊನೆಗೆ ಕೇಳಿದ.

"ನಲವತ್ತು ವರ್ಷ, ಒಂದಡಿಯೂ ಬಿಡದೆ," ಎಂದೆ. ಫಿಲ್ಮನ್ನು ಅಳೆಯುವುದು ಅಡಿಯಲ್ಲಿ.

ಮರ್ವಿನ್ ನಿಟ್ಟುಸಿರು ಬಿಟ್ಟ. "ನಾನು ನಿದ್ದೆ ಮಾಡಿದೆ ಅಂತ ಹೇಳ್ತೀನಿ. ನನಗಾದ್ರೆ ಮಾತು ಹೋಗತ್ತೆ ಅಷ್ಟೆ. ಅವರಿಗೆ ಹೋದ್ರೆ ನಲವತ್ತು ವರ್ಷ ಹೋಗತ್ತೆ. ನೀನೂ ಬಾಯಿ ಬಿಡಬೇಡ."

ಶನಿವಾರ ಹನ್ನೆರಡಕ್ಕೆಲ್ಲ ಭವನ ತುಂಬಿತು. ಹೊರಗೆ ಸಾಸೇಜು ಸುಡುತ್ತಿದ್ದರು, ಒಳಗೆ ಹೆಂಗಸರ ಸಂಘದವರ ಲ್ಯಾಮಿಂಗ್ಟನ್ ಕೇಕು ಮತ್ತು ಚಹಾ. ಪರದೆಯ ಪಕ್ಕದ ಗೋಡೆಯಲ್ಲಿ ಫಲಕಕ್ಕೆ ನೀಲಿ ಬಟ್ಟೆ ಮುಚ್ಚಿತ್ತು. ಮುಂದಿನ ಸಾಲಿನಲ್ಲಿ ಕಂದು ಸೂಟಿನ ಆರ್ಚಿ, ಪಕ್ಕದಲ್ಲಿ ಗ್ಲೆನಿಸ್. ಓಡೆಟ್ ಮರ್ಚಿಸನ್ ಕೈಯಲ್ಲಿ ಧ್ವನಿ ಮುದ್ರಿಸುವ ಯಂತ್ರ ಹಿಡಿದು ಕೂತಿದ್ದರು. ಶೈರ್ ಕಚೇರಿಯ ಆರೋಗ್ಯಾಧಿಕಾರಿ ರಸೆಲ್ ಪಿಮ್ ಸಾಸೇಜಿನ ವಾಸನೆ ಹಿಡಿದು ಬಂದು, ಗೋಡೆಗೊರಗಿ ಎರಡನೆಯದನ್ನು ತಿನ್ನುತ್ತಿದ್ದ.

ಮರ್ವಿನ್ ವೇದಿಕೆ ಹತ್ತಿದ. ಜನ ಚಪ್ಪಾಳೆ ತಟ್ಟಿದರು. ಇಡೀ ಜಗತ್ತಿನ ವಿರುದ್ಧ ನಮ್ಮ ಊರಿನ ವಕೀಲ ಅವನು.

"ಮಹನೀಯರೇ," ಎಂದ. "ಮದುವೆ ಇತ್ತು. ನಾನು ನಿದ್ದೆ ಮಾಡಿದ್ದೆ."

ಚಪ್ಪಾಳೆ ನಿಂತಿತು. ಗ್ಲೆನಿಸ್ ಸ್ವರ್ಗದ ಕಡೆ ನೋಡಿ ಕೈ ಜೋಡಿಸಿದಳು.

"ಹನ್ನೊಂದು ಸಲಾನೂ?" ಎಂದರು ಮಿಸ್ ಫಾಂಗ್.

"ಹನ್ನೊಂದು ಸಲಾನೂ. ಸೇತುವೆ ಬಿದ್ದ ತಕ್ಷಣ ನಿದ್ದೆ ಬರ್ತಿತ್ತು. ಗಡ್ಡ ಬಂದ ತಕ್ಷಣ ಎಚ್ಚರ."

"ಸುಳ್ಳು!" ನಾರ್ಮಾ ಎದ್ದಳು. "ಯಾರೋ ನಿನ್ನನ್ನ ಹೆದರಿಸಿದಾರೆ ಮರ್ವ್! ಸಿಡ್ನಿಯವರಾ? ಹೆದರ್ಬೇಡ, ನಾವಿದೀವಿ. ನಾನು ಐಸ್‌ಕ್ರೀಮ್ ತಟ್ಟೆ ಹಿಡ್ಕೊಂಡು ನಿಂತೇ ಇರ್ತಿದ್ದೆ, ನಾನೂ ನೋಡಿಲ್ಲ. ನಿಂತ್ಕೊಂಡು ನಿದ್ದೆ ಮಾಡಿದ್ನಾ?"

"ಮಾಡಿರಬಹುದು," ಎಂದ ಮರ್ವಿನ್ ಬೆವರುತ್ತ. "ಕುದುರೆ ಮಾಡಲ್ವಾ?"

"ಯಾರನ್ನ ಕುದುರೆ ಅಂತೀಯ!"

"ನಾನು ಆ ಚಿತ್ರದ ಮೇಲೆ ಉಪದೇಶ ಕೊಟ್ಟಿದೀನಪ್ಪ," ಎಂದು ಪಾದ್ರಿ ಸ್ಟ್ರಾಹನ್ ಎದ್ದರು. "ನಾನೂ ಮಲಗಿದ್ದೆನೇನು?"

"ನೀವೂ, ಪಾದ್ರಿಗಳೇ. ಕ್ಷಮಿಸಿ. ಡಂಕ್ಲಿನೂ. ಹಾರ್ಟಿಗನ್ನೂ. ಎಲ್ಲರೂ."

ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಎನ್ನುತ್ತಾರಲ್ಲ, ಹಾಗಾಯಿತು. ಒಬ್ಬನ ಮಾನ ಉಳಿಸಲು ಹೋಗಿ ಮುನ್ನೂರು ಜನರ ಮಾನ ಕಳೆದ. ಭವನದಲ್ಲಿ ಗದ್ದಲವೆದ್ದಿತು. ಆ ಗದ್ದಲದ ನಡುವೆ ರಸೆಲ್ ಪಿಮ್ ಸಾಸೇಜು ಕೆಳಗಿಟ್ಟು ಜೇಬಿನಿಂದ ಪುಸ್ತಕ ತೆಗೆದ. ಸರ್ಕಾರಿ ಪುಸ್ತಕ ಹೊರಬಂದಾಗ ಎಂಥ ಗದ್ದಲವೂ ತಾನಾಗಿ ಅಡಗುತ್ತದೆ.

"ಒಂದು ನಿಮಿಷ," ಎಂದ. "ಇಡೀ ಸಭೆ ಒಂದೇ ಹೊತ್ತಿಗೆ ಪ್ರಜ್ಞೆ ತಪ್ಪಿ, ಒಂದೇ ಹೊತ್ತಿಗೆ ಎಚ್ಚರ ಆಗ್ತಿತ್ತು. ವರ್ಷಗಟ್ಟಲೆ. ಸರಿ ತಾನೆ? ಗೋಡೆಯ ಈ ಗ್ಯಾಸ್ ಹೀಟರ್ ಆಗಿಂದಲೂ ಇದೇನಾ?"

"ಇದೇ," ಎಂದೆ ನಾನು. ಕಾರ್ಯದರ್ಶಿಯಾಗಿ ಸುಳ್ಳು ಹೇಳಲಾರೆ.

"ಸೋರಿಕೆ. ಭವನಕ್ಕೆ ಈಗಲೇ ಬೀಗ ಹಾಕಬೇಕು. ತನಿಖೆ ಮುಗಿಯೋವರೆಗೆ. ಒಂದು ವರ್ಷ, ಎರಡು ವರ್ಷ ಆಗಬಹುದು. ಎಲ್ಲರೂ ಸಾಲಾಗಿ ಹೊರಗೆ ನಡೀರಿ. ಮಕ್ಕಳು ಮೊದಲು."

"ಪಿಮ್, ನಿದ್ದೆ ಅಂದ್ರೆ ಅಂಥ ನಿದ್ದೆ ಅಲ್ಲ..." ಎಂದು ಮರ್ವಿನ್ ಗೋಗರೆದ. "ಬರೀ ತೂಕಡಿಕೆ! ಸುಖವಾದ ತೂಕಡಿಕೆ!"

"ಗ್ಯಾಸ್ ತಗಲಿದವರೆಲ್ಲ ಹಾಗೇ ಹೇಳೋದು," ಎಂದು ಪಿಮ್ ಬರೆದುಕೊಂಡ.

ಆಗ ಮುಂದಿನ ಸಾಲಿನಲ್ಲಿ ಒಂದು ಊರುಗೋಲು ನೆಲಕ್ಕೆ ಬಡಿಯಿತು. ಆರ್ಚಿ ಪೆಂಗೆಲಿ ಎದ್ದು ನಿಂತರು.

"ಯಾರೂ ಮಲಗಿರಲಿಲ್ಲ. ಕೂತ್ಕೊಳ್ಳಿ ಎಲ್ಲ," ಎಂದರು. "ಮಲಗಿದ್ದದ್ದು ನಾಲ್ಕನೇ ಸುರುಳಿ. ನಾನು ಅದರ ಮೇಲೆ ಕೂತಿದ್ದೆ."

ಹಸುವಿನ ವಿಚಾರ, ಗಡಿಯಾರದ ವಿಚಾರ, ಕುರ್ಚಿಯ ವಿಚಾರ, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದರು. ಆಮೇಲೆ ಊರುಗೋಲಿನಿಂದ ವೇದಿಕೆಯ ಕಡೆ ತೋರಿಸಿದರು. "ಈ ಪೆದ್ದನಿಗೆ ಗುರುವಾರವೇ ಗೊತ್ತಿತ್ತು. ನನ್ನ ಮಾನ ಉಳಿಸೋಕೆ ಹೋಗಿ ಊರಿಗೇ ಬೀಗ ಹಾಕಿಸ್ತಿದಾನೆ. ಸುಳ್ಳು ಹೇಳೋಕೂ ಬರಲ್ಲ ಇವನಿಗೆ. ಒಳ್ಳೆಯವನು."

ಬೇಲಿಯೇ ಎದ್ದು ಹೊಲ ಮೇಯ್ದ ಸುದ್ದಿ ಕೇಳಿ ಊರು ಕಲ್ಲಾಗಿ ಕೂತಿತು. ಮೊದಲು ಬಾಯಿ ತೆರೆದವನು ಡಂಕ್ಲಿ.

"ಟೀಚರಮ್ಮ, ಹಂಗಾದ್ರೆ ಆ ಖಳ... ಅವನ ನಿಜವಾದ ಅಣ್ಣಾನೇ?"

"ಒಡಹುಟ್ಟಿದ ಅಣ್ಣ," ಎಂದರು ಮಿಸ್ ಫಾಂಗ್. "ಮದುವೇಲಿ ಅವರ ತಾಯಿ ಬಂದು ಹೇಳ್ತಾಳೆ."

"ಹಂಗಾದ್ರೆ ನಾನು ಇವನನ್ನ ಕ್ಷಮಿಸಿದ್ದು ಯಾವ ಲೆಕ್ಕಕ್ಕೆ?" ಎಂದು ಡಂಕ್ಲಿ ಪಕ್ಕದಲ್ಲಿದ್ದ ಹಾರ್ಟಿಗನ್‌ನತ್ತ ಬೆರಳು ಮಾಡಿದ. "ಇವನು ನನಗೆ ಏನೂ ಆಗಬೇಕಾಗಿಲ್ಲ!"

"ಬೇಲಿ ವಾಪಸ್ ಹಾಕ್ತೀಯೇನು?" ಎಂದ ಹಾರ್ಟಿಗನ್.

ಡಂಕ್ಲಿ ಯೋಚಿಸಿದ. "ಬೇಡ ಬಿಡು. ಈ ವಯಸ್ಸಲ್ಲಿ ಗೂಟ ಯಾರು ಹೊಡೀತಾರೆ."

ಪಾದ್ರಿಗಳು ಮೊದಲು ನಕ್ಕರು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಮೈಮರೆತ ನಾರ್ಮಾ, ಕಾರ್ಯಕ್ರಮ ಪಟ್ಟಿಯಂತೆ ತನ್ನ ಪಾಲಿನ ಕೆಲಸವೆಂದು ಹೋಗಿ ನೀಲಿ ಬಟ್ಟೆ ಎಳೆದುಬಿಟ್ಟಳು. 'ನಲವತ್ತು ವರ್ಷ, ಒಂದಡಿಯೂ ಬಿಡದೆ' ಎಂದು ಹಿತ್ತಾಳೆ ಫಳಫಳ ಹೊಳೆಯಿತು. ನಾನು ಮುಖ ಮುಚ್ಚಿಕೊಂಡೆ.

ಆರ್ಚಿ ಕನ್ನಡಕ ಸರಿಪಡಿಸಿಕೊಂಡು ಓದಿದರು. "ಒಂದಡಿ ಬಿಟ್ಟಿಲ್ಲ, ನಿಜ. ಬಿಟ್ಟಿದ್ದು ಎರಡು ಸಾವಿರ ಅಡಿ," ಎಂದರು. ಅದನ್ನು ಕೇಳಿ ಜನ ಎದ್ದು ನಿಂತು ತಟ್ಟಿದ ಚಪ್ಪಾಳೆಗೆ ಗ್ಯಾಸ್ ಹೀಟರ್ ಕೂಡ ಅದುರಿತು. ಆ ಮಧ್ಯಾಹ್ನಗಳಲ್ಲಿ ಅವರ ಹಸುಗಳಷ್ಟೇ ಅಲ್ಲ, ನಮ್ಮೆಲ್ಲರ ಹಸುಗಳೂ ಹೊತ್ತಿಗೆ ಸರಿಯಾಗಿ ಹಾಲು ಕರೆಸಿಕೊಂಡಿದ್ದವು. ಪಿಮ್ ಪುಸ್ತಕ ಜೇಬಿಗೆ ಹಾಕಿ ಮೂರನೆಯ ಸಾಸೇಜಿಗೆ ಹೋದ.

"ನಮ್ಮ ದಾಖಲೇಲಿ ಸಿಡಿಲುಗೈಗೆ ಎರಡೇ ಆವೃತ್ತಿ," ಎಂದರು ಓಡೆಟ್ ಮರ್ಚಿಸನ್. "ಇದನ್ನ ಮೂರನೇದು ಅಂತ ಸೇರಿಸ್ಕೊಳ್ಳಲಾ, ಮಿಸ್ಟರ್ ಪೆಂಗೆಲಿ?"

"ಸೇರಿಸ್ಕೋಮ್ಮ. ಹಸು ಹೆಸರೂ ಹಾಕು."

ಯಾವ ಆವೃತ್ತಿ ತೋರಿಸುವುದೆಂದು ಅಲ್ಲೇ ಮತ ಹಾಕಿದೆವು. ಥಿಯೇಟರಿನದಕ್ಕೆ ಮಿಸ್ ಫಾಂಗ್ ಒಬ್ಬರು. ನಿರ್ದೇಶಕರದಕ್ಕೆ ಯಾರೂ ಇಲ್ಲ. ಆರ್ಚಿ ಅವರದ್ದಕ್ಕೆ ಉಳಿದ ಭವನವೆಲ್ಲ ಕೈ ಎತ್ತಿತು, ಒಬ್ಬರನ್ನು ಬಿಟ್ಟು.

"ನನ್ನದು ಬೇಡ," ಎಂದರು ಆರ್ಚಿ. "ಅದನ್ನ ನೀವು ನೋಡಿದೀರಿ. ನಾಲ್ಕನೇ ಸುರುಳಿ ನಾನೂ ನೋಡಿಲ್ಲ. ಇಷ್ಟು ವರ್ಷ ಅದರ ಮೇಲೆ ಕೂತಿದ್ದೆನೇ ಹೊರತು ಒಳಗೇನಿದೆ ಅಂತ ಗೊತ್ತಿಲ್ಲ. ಹೋಗೋದ್ರೊಳಗೆ ಒಂದ್ಸಲ ನೋಡ್ಬೇಕು."

ಎತ್ತಿದ ಕೈಗಳೆಲ್ಲ ಇಳಿದವು, ಥಿಯೇಟರಿನದೇ ಆಗಲಿ ಎಂದಾಯಿತು. ನಾಲ್ಕು ಗಂಟೆಗೆ ಹಾಲು ಕರೆಯಲು ಎಲ್ಲರೂ ಮನೆಗೆ ಫೋನ್ ಮಾಡಿ ಯಾರಿಗೋ ಒಬ್ಬರಿಗೆ ಹೇಳಿದರು. ಮರ್ವಿನ್ ವೇದಿಕೆಯಿಂದ ಇಳಿದು ಬಂದು ಮಾವನ ಪಕ್ಕ ಕೂತ. ಪತ್ರಿಕೆಯಲ್ಲಿ ಇಟ್ಟ ಅವನ ಆಣೆ ಜಾರಿಗೆ ಬಂದಿತ್ತು. ಅವನು ಸೋತಿದ್ದ, ತುಟಿ ಬಿಗಿದುಕೊಂಡಿದ್ದ, ಮುಖ ಮಾತ್ರ ಸೋತವನದಾಗಿರಲಿಲ್ಲ.

ದೀಪ ಆರಿತು. ಸೇತುವೆ ಬಿತ್ತು. ಹೆಣ್ಣುಮಗಳನ್ನು ಎತ್ತಿಕೊಂಡದ್ದಾಯಿತು. ಗಡ್ಡ ಬರಲಿಲ್ಲ. ಮುನ್ನೂರು ಜನ ಉಸಿರು ಹಿಡಿದು ಕೂತೆವು. ಆ ಹೆಣ್ಣುಮಗಳು ಸಿಡಿಲುಗೈಯನ್ನು ಏನೋ ಕೇಳಿದಳು. ಅವನು ಕೈಗವಸು ಬಿಚ್ಚತೊಡಗಿದ.

"ಈಗೇನಾಗತ್ತೆ?" ಎಂದು ಆರ್ಚಿ ಗಟ್ಟಿಯಾಗಿ ಕೇಳಿದರು. ಮರ್ವಿನ್ ಆಣೆ ನೆನೆದು ಬಾಯಿಗೆ ಅಂಗೈ ಅಡ್ಡ ಹಿಡಿದ. "ನಿನ್ನನ್ನೇ ಕಣಯ್ಯ ಕೇಳ್ತಿರೋದು. ಈಗೇನಾಗತ್ತೆ?"

ಮರ್ವಿನ್ ಹೆಂಡತಿಯ ಮುಖ ನೋಡಿದ. ಗ್ಲೆನಿಸ್ ಕಣ್ಣೊರೆಸಿಕೊಂಡು, "ಹೇಳು ಮರ್ವ್. ಅಪ್ಪ ಕೇಳ್ತಿದಾರೆ," ಎಂದಳು.

"ಗೊತ್ತಿಲ್ಲ ಮಾವ," ಎಂದ ಮರ್ವಿನ್. "ಮೊನ್ನೆ ಡಿಸ್ಕಲ್ಲಿ ಬಂದಾಗ ನಾನು ಗಡಿಯಾರ ನೋಡ್ತಿದ್ದೆ. ನಿಮ್ಮ ಜೊತೆ ಈಗಲೇ ನೋಡ್ತಿರೋದು."

ಮರ್ವಿನ್ ಟಕ್‌ವೆಲ್‌ನ ಬಾಯಿಂದ 'ಗೊತ್ತಿಲ್ಲ' ಎಂಬ ಮಾತು ಡೂಲನ್ ಕ್ರೀಕ್ ಕೇಳಿದ್ದು ಅದೇ ಮೊದಲು. ಇಡೀ ಭವನ ಪರದೆ ಬಿಟ್ಟು ಅವನ ಕಡೆ ತಿರುಗಿತು. ಹಿಂದಿನ ಸಾಲಿನವರು ಎದ್ದು ನಿಂತು ಅವನನ್ನು ನೋಡಿದರು. ಇಪ್ಪತ್ತು ನಿಮಿಷ ಭವನದಲ್ಲೆಲ್ಲ ಅದೇ ಮಾತು. ನಾವೆಲ್ಲ ಮತ್ತೆ ಪರದೆಯ ಕಡೆ ತಿರುಗುವಷ್ಟರಲ್ಲಿ ಮದುವೆ ಮುಗಿದುಹೋಗಿತ್ತು. ನೋಡಿದವರು ಮಾವ ಅಳಿಯ ಇಬ್ಬರೇ.